ಗೋತ್ರ ಯಾವುದು?

ಬಸವನಗುಡಿಯ ಒಂದು ಮನೆಯಲ್ಲಿ ಸತ್ಯನಾರಾಯಣ ಪೂಜೆಗೆ ಕೂತಿದ್ದೀರಿ ಅಂದುಕೊಳ್ಳಿ. ಸಂಕಲ್ಪಕ್ಕೆ ಬಂದ ಪುರೋಹಿತರು ತಟ್ಟನೆ ನಿಲ್ಲಿಸಿ, "ಗೋತ್ರ? ನಕ್ಷತ್ರ?" ಅನ್ನುತ್ತಾರೆ. ಮಂತ್ರ ಎಲ್ಲ ಮನೆಗೂ ಒಂದೇ. ತಿಥಿ, ಊರು, ಯಜಮಾನರ ಹೆಸರು, ಗೋತ್ರ, ನಕ್ಷತ್ರ ಮಾತ್ರ ಹೊರಗಿನಿಂದ ಬರಬೇಕು.

ಕಂಪ್ಯೂಟರಿನ ಎನ್ವಿರಾನ್‌ಮೆಂಟ್ ವೇರಿಯಬಲ್ ಅಂದರೂ ಇಷ್ಟೇ. ಪ್ರೋಗ್ರಾಂ ಒಂದೇ, ಡೇಟಾಬೇಸ್ ಎಲ್ಲಿದೆ, ಪಾಸ್‌ವರ್ಡ್ ಏನು ಅನ್ನುವುದನ್ನು ಅದು ಓಡುವ ಜಾಗ ಹೇಳಬೇಕು. 1979ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಯುನಿಕ್ಸ್ ಏಳನೇ ಆವೃತ್ತಿಯಲ್ಲಿ ಈ ಏರ್ಪಾಡು ಬಂತು. ಜೊತೆಗೇ ಬಂದ ಸ್ಟೀವ್ ಬೋರ್ನ್ ಅವರ, ಆಜ್ಞೆಗಳನ್ನು ಓದಿ ನಡೆಸುವ ಶೆಲ್‌ನಲ್ಲಿ ವಿಚಾರಣೆಯೂ ಇತ್ತು. ವೇರಿಯಬಲ್ ಹೆಸರಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ, ಮೌಲ್ಯ ಇಲ್ಲದಾಗ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ. ಅಡ್ಡಗೆರೆ ಹಾಕಿದರೆ ಬದಲಿಯೊಂದನ್ನು ಹಿಡಿದು ಮುಂದೆ ಹೋಗುತ್ತದೆ, ಗೋತ್ರ ಗೊತ್ತಿಲ್ಲ ಅಂದವರಿಗೆ ಪುರೋಹಿತರು "ಕಾಶ್ಯಪ" ಅಂದುಬಿಡುವ ಹಾಗೆ. ಆಮೇಲೆ ಒಂದು ಕೋಲನ್ ಸೇರಿತು: ಹೆಸರಿದ್ದೂ ಮೌಲ್ಯ ಖಾಲಿಯಿದ್ದರೆ ಅದನ್ನೂ ಹಿಡಿಯಲಿ ಎಂದು.

ಬದಲಿ ಸದ್ದಿಲ್ಲದೆ ಬಂದರೆ ಏನಾಗುತ್ತದೆಂದು ಲಿನಕ್ಸ್ ಬಳಸಿದ ಕನ್ನಡಿಗರು ಬಲ್ಲರು. ಭಾಷೆ ತಿಳಿಸುವ 'ಲ್ಯಾಂಗ್' ವೇರಿಯಬಲ್ ಖಾಲಿಯಿದ್ದರೆ ಯಂತ್ರ 'ಸಿ' ಎಂಬ ಹಳೆಯ ಇಂಗ್ಲಿಷ್ ಲೋಕಕ್ಕೆ ಜಾರುತ್ತದೆ. ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಕನ್ನಡದ 'ಕ'ಕ್ಕೆ ಮೂರು ಬೈಟು. 'ಸಿ' ಲೋಕಕ್ಕೆ ಆ ಬೈಟುಗಳು ಅರ್ಥವಾಗವು, ಹಾಗಾಗಿ ಫೈಲಿನ ಹೆಸರಲ್ಲಿ 'ಕ' ಇದ್ದ ಕಡೆ ಮೂರು ಪ್ರಶ್ನಾರ್ಥಕ ಚಿಹ್ನೆ ಕಾಣುತ್ತಿತ್ತು. ಚಾಮರಾಜಪೇಟೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಇದ್ದು ಏನು ಬಂತು, ಪರದೆಯ ಮೇಲೆ ಅಕ್ಷರವೇ ಇಲ್ಲ!

2011ರಲ್ಲಿ ಹೆರೋಕು ಕಂಪನಿಯ ಆ್ಯಡಂ ವಿಗಿನ್ಸ್ 'ಟ್ವೆಲ್ವ್ ಫ್ಯಾಕ್ಟರ್ ಆ್ಯಪ್' ಬರೆದು, ಓಡುವ ಜಾಗಕ್ಕೆ ತಕ್ಕಂತೆ ಬದಲಾಗುವ ಸೆಟ್ಟಿಂಗ್‌ಗಳನ್ನೆಲ್ಲ ಎನ್ವಿರಾನ್‌ಮೆಂಟ್‌ನಲ್ಲೇ ಇಡಿ ಅಂದರು. ಪಟ್ಟಿ ಬೆಳೆಯಿತು, ಮರೆವೂ ಬೆಳೆಯಿತು. ನಾನಿದ್ದ ಒಂದು ಆಫೀಸಿನಲ್ಲಿ ಹೀಗೇ ಸೈಟಿನ ವಿಳಾಸ ಕೊಡುವುದು ಮರೆತುಹೋಗಿತ್ತು. ಜಾವಾಸ್ಕ್ರಿಪ್ಟ್ ತಕರಾರು ಮಾಡಲಿಲ್ಲ. ಆ ಜಾಗದಲ್ಲಿ 'ಅನ್‌ಡಿಫೈನ್ಡ್' ಅಂತ ಬರೆದು ಮೇಲ್ ಕಳಿಸಿತು. ಸಂಜೆ ಗ್ರಾಹಕರೊಬ್ಬರ ಫೋನು: "ಅನ್‌ಡಿಫೈನ್ಡ್ ಅಂದ್ರೆ ಯಾರು ಸ್ವಾಮಿ?"

ಮರುದಿನ ಪ್ರೋಗ್ರಾಂನ ತಲೆಯಲ್ಲೇ ತಪಾಸಣೆ ಸೇರಿಸಿದೆವು. ಇಲ್ಲದ್ದನ್ನೆಲ್ಲ ಅದು ಒಂದೇ ಸಲ ಹೇಳುತ್ತದೆ. ಕರ್ಪೂರಕ್ಕೊಮ್ಮೆ, ದರ್ಭೆಗೊಮ್ಮೆ ಗಾಂಧಿ ಬಜಾರಿನ ಗ್ರಂಧಿಗೆ ಅಂಗಡಿಗೆ ಓಡಿಸುವುದಿಲ್ಲ. ಹೇಳುವುದೂ ಹೆಸರು ಮಾತ್ರ. ಮೌಲ್ಯ ಹೇಳಿದರೆ ಪಾಸ್‌ವರ್ಡ್ ಲಾಗ್ ಫೈಲಿನಲ್ಲಿ ಕೂತುಬಿಡುತ್ತದೆ.