ಕಿಯಾಂತಿ, ಪಾವ್ ಭಾಜಿ ಮತ್ತು ನಮ್ಮಪ್ಪ

ನಾನು ವಿಜಯಪುರ ಜಿಲ್ಲೆಯ ಇಂಡಿ ಕಡೆಯವನು. ಐರೋಲಿಯಲ್ಲಿ ಕೆಲಸ, ಠಾಣೆಯಲ್ಲಿ ಮನೆ. ಇವತ್ತು ಕೋಡಿಂಗ್ ಬಿಟ್ಟು ಕಿಯಾಂತಿ ಅನ್ನೋ ಇಟಲಿಯ ಕೆಂಪು ವೈನ್ ಬಗ್ಗೆ ಮಾತಾಡ್ತೀನಿ.

ಮೊದಲು ನನ್ನ ಪೆದ್ದುತನ ಕೇಳಿ. ಪ್ರಮೋಷನ್ ಆದ ಖುಷಿಗೆ ಟೀಮನ್ನ ಫೋರ್ಟ್‌ನ ಮಂಗಳೂರು ಶೈಲಿಯ ಹೋಟೆಲಿಗೆ ಕರ್ಕೊಂಡು ಹೋಗಿ, ಖಾರದ ಸಿಗಡಿ ಗಸಿ ಜೊತೆ ಕಿಯಾಂತಿ ತರಿಸಿದೆ. ಬಾಯಿ ಉರಿ, ಮೇಲೆ ಕಬ್ಬಿಣ ನೆಕ್ಕಿದ ಹಾಗೆ ರುಚಿ. ಎಲ್ಲರೂ "ನೈಸ್" ಅಂದರು. ನಾನೂ ಅಂದೆ!

ತಪ್ಪು ವೈನಿನದಲ್ಲ, ಗಸಿಯದೂ ಅಲ್ಲ. ಕಿಯಾಂತಿಯ ಮುಖ್ಯ ದ್ರಾಕ್ಷಿ ಟಸ್ಕನಿಯ ಸಾಂಜೊವೇಸೆ. ಕಿಯಾಂತಿ ಕ್ಲಾಸಿಕೊ ಅಂತ ಬರೆಯಬೇಕಾದರೆ ಅದು ಕನಿಷ್ಠ 80 ಪ್ರತಿಶತ ಇರಬೇಕು. ಅದರಲ್ಲಿ ಹುಳಿ ಜಾಸ್ತಿ, ಒಗರೂ ಇದೆ. ಗಟ್ಟಿ ಚಹಾ ಕುಡಿದಾಗ ನಾಲಿಗೆ ಒಣಗುತ್ತಲ್ಲ, ಅದೇ ಒಗರು. ಮೆಣಸಿನ ಖಾರ ಸೇರಿದರೆ ಒಗರೂ ಆಲ್ಕೋಹಾಲಿನ ಉರಿಯೂ ಎರಡೂ ಏರುತ್ತವೆ. ಕೆಂಪು ವೈನಿನಲ್ಲಿರೋ ಕಬ್ಬಿಣದ ಅಂಶ ಮೀನು, ಸಿಗಡಿಯ ವಾಸನೆಯನ್ನ ಕೆಡಿಸುತ್ತೆ.

ಬೆಣ್ಣೆ, ಚೀಸ್, ಮಾಂಸ ಇದ್ದರೆ ಒಗರು ಮೆತ್ತಗಾಗುತ್ತೆ. ಟೊಮೆಟೊ ಹುಳಿಗೆ ಅಷ್ಟೇ ಹುಳಿಯ ವೈನ್ ಬೇಕು. ಅದಕ್ಕೇ ಟಸ್ಕನಿಯವರು ಟೊಮೆಟೊ ಸಾಸಿನ ಪಾಸ್ತಾ, ಸುಟ್ಟ ಮಾಂಸ, ಕುರಿ ಹಾಲಿನ ಪೆಕೊರಿನೊ ಚೀಸ್ ಜೊತೆ ಇದನ್ನ ಕುಡೀತಾರೆ. ಈಗ ಹೇಳಿ, ಟೊಮೆಟೊ ಮತ್ತು ಬೆಣ್ಣೆ ಎರಡೂ ಧಾರಾಳವಾಗಿರೋ ಮುಂಬೈ ತಿನಿಸು ಯಾವುದು? ಪಾವ್ ಭಾಜಿ! ಖಾರ ಕಡಿಮೆ ಹಾಕಿಸಿ ಮನೆಗೆ ತನ್ನಿ. ಪನೀರ್ ಟಿಕ್ಕಾ, ಖಾರವಿಲ್ಲದ ಮಟನ್ ಕಬಾಬೂ ನಡೆಯುತ್ತೆ. ಇನ್ನೊಂದು, ನಮ್ಮ ಮುಂಬೈ ಸೆಕೆಗೆ ಬಾಟಲಿಯನ್ನ ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಡಿ. 16ರಿಂದ 18 ಡಿಗ್ರಿ ಸಾಕು.

ಅಪ್ಪ ಊರಿಂದ ಬಂದಾಗಲೆಲ್ಲ ನಾನು ಬಾಟಲಿಯನ್ನ ಎಣ್ಣೆ ಡಬ್ಬಿ ಹಿಂದೆ ಬಚ್ಚಿಡ್ತಿದ್ದೆ. ಹೋದ ವರ್ಷ ಅವರಿಗೆ ಸಿಕ್ಕೇಬಿಡ್ತು. ಅದು ಇಟಲಿಯದಲ್ಲ, ಸೊಲ್ಲಾಪುರ ಜಿಲ್ಲೆಯ ಅಕಲೂಜಿನ ಫ್ರಾತೆಲ್ಲಿಯವರ ಸಾಂಜೊವೇಸೆ. ಫ್ರಾತೆಲ್ಲಿ ಅಂದರೆ ಇಟಾಲಿಯನ್ನಿನಲ್ಲಿ ಸಹೋದರರು. ಇಟಲಿಯ ಸೆಕ್ಕಿ, ದೆಹಲಿಯ ಸೇಖ್ರಿ, ಅಕಲೂಜಿನ ಮೋಹಿತೆ ಪಾಟೀಲ, ಈ ಮೂರು ಮನೆತನದ ಅಣ್ಣತಮ್ಮಂದಿರು ಸೇರಿ ಕಟ್ಟಿದ್ದು. ಟಸ್ಕನಿಯ ಪಿಯೆರೊ ಮಾಸಿ ಅಲ್ಲಿ ವೈನ್ ಮಾಡಿದವರು.

ಬೈತಾರೆ ಅಂದ್ಕೊಂಡಿದ್ದೆ. ಅಪ್ಪ ಲೇಬಲ್ ಓದಿಸಿಕೊಂಡು, "ಅಕಲೂಜ ಅಂದ್ರ ನಮ್ಮ ಸೊಲ್ಲಾಪುರ ಕಡೀದಲ್ಲೋ! ಎಕರೆಕ್ಕ ಎಷ್ಟು ಟನ್ ಬರ್ತೈತಿ?" ಅಂದರು. ನಮ್ಮದು ಒಣದ್ರಾಕ್ಷಿಯ ಥಾಮ್ಸನ್ ತೋಟ. ವೈನ್ ದ್ರಾಕ್ಷಿಯಲ್ಲಿ ರುಚಿ ಗಟ್ಟಿಯಾಗಲಿ ಅಂತ ಕೆಲವು ಗೊನೆ ಕತ್ತರಿಸಿ ಬೀಳಿಸ್ತಾರೆ ಅಂದೆ. "ಕೈಯಾರೆ ಬೆಳದದ್ದು ಒಗೀತಾರೇನು?" ಅಂತ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ರಾತ್ರಿ ಒಂದರ ತನಕ ಬಳ್ಳಿ, ನೀರು, ಸಾಲ ಎಲ್ಲಾ ಮಾತಾಡಿದೆವು. ಸಾಲ ಎಷ್ಟಿದೆ ಅಂತ ನನಗೆ ಗೊತ್ತಾಗಿದ್ದು ಅವತ್ತೇ.

ಅವರು ಕುಡಿಯಲಿಲ್ಲ. ಎಣ್ಣೆಗಾಯಿ, ರೊಟ್ಟಿ ತಿಂದರು. ನಾನು ಎದುರಿಗೇ ಒಂದು ಗ್ಲಾಸ್ ಕುಡಿದೆ. ಶೇಂಗಾ, ಎಣ್ಣೆ ಇರೋ ಎಣ್ಣೆಗಾಯಿ ಸಾಂಜೊವೇಸೆಗೆ ಚೆನ್ನಾಗೇ ಹೊಂದಿತು. ಬಾಟಲಿ ಈಗ ಎಣ್ಣೆ ಡಬ್ಬಿ ಹಿಂದೆ ಇಲ್ಲ.