ಸಣ್ಣ ಟ್ರ್ಯಾಕ್ಟರಿನಿಂದ ದಿಮ್ಮಿ ಎಳೆಯುವಾಗ



ಮಲೆನಾಡಿನ ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಬರಿಯ ನೆರಳಿನ ಮರವಲ್ಲ. ಮೆಣಸಿನ ಬಳ್ಳಿಗೆ ಅದೇ ಆಸರೆ, ಹಣದ ಅಡಚಣೆ ಬಂದಾಗ ಮಾರುವ ನಾಟವೂ ಅದೇ. ಮರ ಕಡಿಯಲು ನುರಿತ ಆಳು ಸಿಗಬಹುದು. ಕಡಿದ ದಿಮ್ಮಿಯನ್ನು ಕಾಫಿ ಗಿಡಗಳ ನಡುವಿನಿಂದ ಲಾರಿ ನಿಲ್ಲುವ ರಸ್ತೆಗೆ ತರುವುದೇ ಕಷ್ಟ. ಹಿಂದೆ ಆನೆಗಳೂ ಎತ್ತುಗಳೂ ಮಾಡುತ್ತಿದ್ದ ಈ ಕೆಲಸಕ್ಕೆ ಈಗ 20 ಅಶ್ವಶಕ್ತಿಯ ಆಸುಪಾಸಿನ ಸಣ್ಣ ಟ್ರ್ಯಾಕ್ಟರನ್ನು ಹೂಡುವುದುಂಟು.

ಎಳೆಯುವ ದಿಮ್ಮಿ ಬೇರಿಗೋ ಕೊರಡಿಗೋ ಸಿಕ್ಕಿಕೊಂಡರೆ ಎತ್ತು ತಾನಾಗಿ ನಿಲ್ಲುತ್ತದೆ. ಎಂಜಿನ್ನಿಗೆ ಆ ತಿಳಿವಳಿಕೆ ಇಲ್ಲ. ದಿಮ್ಮಿ ಅಲುಗದೆ, ಹಿಂದಿನ ಚಕ್ರಗಳೂ ಜಾರದೆ ನೆಲ ಕಚ್ಚಿ ನಿಂತರೆ, ಎಂಜಿನ್ನಿನ ಶಕ್ತಿ ಟ್ರ್ಯಾಕ್ಟರಿನ ಮೂತಿಯನ್ನೇ ಮೇಲೆತ್ತುತ್ತದೆ. ಮೂತಿ ಎದ್ದ ಮೇಲೆ, ಮರಳಿ ಇಳಿಸಲಾಗದ ಹಂತ ತಲಪಲು ಒಂದು ಸೆಕೆಂಡು ಸಾಕು. ಚಾಲಕ ಅಪಾಯವನ್ನು ಅರಿತು ಕ್ಲಚ್ಚು ತುಳಿಯುವಷ್ಟರಲ್ಲಿ ಟ್ರ್ಯಾಕ್ಟರು ಹಿಮ್ಮಗುಚಿ ಅವನ ಮೇಲೆಯೇ ಬಿದ್ದಿರುತ್ತದೆ. ಆದುದರಿಂದ ಈ ಅಪಾಯವನ್ನು ಸರಪಳಿ ಕಟ್ಟುವಾಗಲೇ ತಪ್ಪಿಸಬೇಕು.

ಮೊದಲು ದಿಮ್ಮಿಯ ತೂಕ ತಿಳಿಯೋಣ. 4 ಅಡಿ ಸುತ್ತಳತೆಯ, 12 ಅಡಿ ಉದ್ದದ ದಿಮ್ಮಿಯನ್ನು ವ್ಯಾಪಾರಿ ಕಾಲು ಸುತ್ತಳತೆಯ ಲೆಕ್ಕದಲ್ಲಿ 12 ಘನ ಅಡಿ ಎನ್ನುತ್ತಾನೆ. ನಿಜವಾದ ಗಾತ್ರ 15 ಘನ ಅಡಿಗೂ ಮೇಲೆ. (ಮಾರುವಾಗಲೂ ಇದನ್ನು ನೆನಪಿಡುವುದು ಒಳ್ಳೆಯದು.) ಹಸಿ ಮರಕ್ಕೆ ನೀರಿನ ತೂಕವನ್ನೇ ಹಿಡಿದು ಲೆಕ್ಕ ಹಾಕುವುದು ಕ್ಷೇಮ. ಹಾಗೆ ಹಾಕಿದರೆ ಇದು 430 ಕಿಲೋ. ಕತ್ತರಿಸದೆ 24 ಅಡಿ ಬಿಟ್ಟರೆ 860 ಕಿಲೋ, ಅಂದರೆ 700 ಕಿಲೋ ತೂಗುವ ಟ್ರ್ಯಾಕ್ಟರಿಗಿಂತ ಅದು ಎಳೆಯುವ ದಿಮ್ಮಿಯೇ ಭಾರ! ಬಿದ್ದ ಜಾಗದಲ್ಲೇ ತುಂಡು ಮಾಡಿ ಒಂದೊಂದಾಗಿ ಎಳೆಯಬೇಕು.

ಇನ್ನು ಸರಪಳಿಯನ್ನು ಎಲ್ಲಿ ಕಟ್ಟಬೇಕೆಂಬ ಪ್ರಶ್ನೆ. 700 ಕಿಲೋ ಟ್ರ್ಯಾಕ್ಟರಿನ ಮುಂದಿನ ಚಕ್ರಗಳ ಮೇಲೆ 280 ಕಿಲೋ ಇದೆಯೆನ್ನೋಣ. ಮುಂದಿನ ಮತ್ತು ಹಿಂದಿನ ಚಕ್ರಗಳ ಅಂತರ 140 ಸೆಂ.ಮೀ. ಇರಲಿ. ನೆಲದಿಂದ 40 ಸೆಂ.ಮೀ. ಎತ್ತರದ ಡ್ರಾಬಾರಿಗೆ ಕಟ್ಟಿ 300 ಕಿಲೋ ಬಲದಿಂದ ಎಳೆದರೆ ಮುಂದಿನ ಚಕ್ರಗಳಿಂದ ಸುಮಾರು 86 ಕಿಲೋ ಭಾರ ಹಿಂದಕ್ಕೆ ಸರಿಯುತ್ತದೆ. ದಿಮ್ಮಿ ಸಿಕ್ಕಿಕೊಂಡು ಎಳೆತ 500 ಕಿಲೋಗೆ ಏರಿದರೂ ಸರಿಯುವುದು 143 ಕಿಲೋ. ಮೂತಿ ನೆಲದಲ್ಲೇ ಇರುತ್ತದೆ. ಅದೇ ಸರಪಳಿಯನ್ನು 80 ಸೆಂ.ಮೀ. ಎತ್ತರದ ಟಾಪ್ ಲಿಂಕಿನ ಜಾಗಕ್ಕೆ ಕಟ್ಟಿದ್ದರೆ ಆಗ 286 ಕಿಲೋ ಸರಿದು, ಮುಂದಿನ ಚಕ್ರಗಳ ಮೇಲೆ ಏನೂ ಉಳಿಯುವುದಿಲ್ಲ. ಟ್ರ್ಯಾಕ್ಟರು ಅದೇ, ದಿಮ್ಮಿ ಅದೇ, ಚಾಲಕನೂ ಅವನೇ. ಬದಲಾದದ್ದು ಕಟ್ಟಿದ ಎತ್ತರ ಮಾತ್ರ. ಇದು ಸಮತಟ್ಟು ನೆಲದ ಲೆಕ್ಕ. ಏರಿನಲ್ಲಿ ಮೂತಿ ಮೊದಲೇ ಹಗುರಾಗಿರುತ್ತದೆ.

ಉಳಿದ ಸೂಚನೆಗಳನ್ನೆಲ್ಲ ಮರೆತರೂ ಇದೊಂದನ್ನು ಮರೆಯಬಾರದು: ಎಳೆತ ಡ್ರಾಬಾರಿನಿಂದಲೇ ಆಗಬೇಕು. ಹಿಂದಿನ ಆಕ್ಸಲಿಗೆ, ಟಾಪ್ ಲಿಂಕಿಗೆ, ಆಸನದ ಕಂಬಿಗೆ ಸರಪಳಿ ಸುತ್ತಲೇಬಾರದು. ಹೈಡ್ರಾಲಿಕ್ ತೋಳುಗಳ ನಡುವೆ ಹಾಕುವ ತೂತಿನ ಪಟ್ಟಿಯನ್ನು ಬಳಸುವವರು ಅದು ಮೇಲೇಳದಂತೆ ಬಿಗಿ ಕಂಬಿಗಳನ್ನು ಹಾಕಿ, ಕೆಳಮಟ್ಟದಲ್ಲೇ ಉಳಿಸಬೇಕು. ದಿಮ್ಮಿಯ ತಲೆ ನೆಲ ಬಿಡಲೆಂದು ಎಳೆಯುವಾಗ ತೋಳು ಎತ್ತುವುದು ಸಲ್ಲದು. ಮೂತಿ ಏಳದಿರಲೆಂದು ಬಾನೆಟ್ಟಿನ ಮೇಲೆ ಆಳನ್ನು ಕೂರಿಸುವುದಂತೂ ಎಂದಿಗೂ ಕೂಡದು. ಮುಂದೆ ಭಾರ ಬೇಕಿದ್ದರೆ ಅದಕ್ಕೆಂದೇ ಮಾಡಿದ ಕಬ್ಬಿಣದ ತೂಕಗಳನ್ನು ತೊಡಿಸಬೇಕು.

ದಿಮ್ಮಿಯ ತಲೆ ನೆಲಕ್ಕೆ ಹೂತುಕೊಳ್ಳದಂತೆ ಮಾಡಲು ಸುಲಭದ ಉಪಾಯವಿದೆ. ಎಳೆಯುವ ತುದಿಯ ಅಂಚನ್ನು ಕೊಡಲಿಯಿಂದ ಸುತ್ತ ಕೆತ್ತಿ ದುಂಡಗೆ ಮಾಡಿದರೆ ಅದು ಬೇರುಗಳ ಮೇಲೆ ಜಾರಿ ಬರುತ್ತದೆ. ತುದಿಯಿಂದ ಒಂದೆರಡು ಅಡಿ ಹಿಂದೆ ಸರಪಳಿಯ ಕುಣಿಕೆ ಹಾಕಿ ಬಿಗಿಯಬೇಕು. ದಿಮ್ಮಿಗೂ ಟ್ರ್ಯಾಕ್ಟರಿಗೂ ನಡುವೆ ಸರಪಳಿ ಗಿಡ್ಡವಿರಲಿ, ಆದರೆ ತಿರುವಿನಲ್ಲಿ ದಿಮ್ಮಿ ಟೈರಿಗೆ ತಾಗದಷ್ಟು ಅಂತರ ಬೇಕು. ನೈಲಾನ್ ಹಗ್ಗ ಅಗ್ಗವಾದರೂ ಈ ಕೆಲಸಕ್ಕೆ ಬೇಡ. ಅದು ರಬ್ಬರಿನಂತೆ ಹಿಗ್ಗಿ, ತುಂಡಾದಾಗ ಚಾಟಿಯಂತೆ ಹಿಂದಕ್ಕೆ ಬೀಸುತ್ತದೆ. ಸರಪಳಿಯ ತುಂಡಾದ ಕೊಂಡಿಯ ಜಾಗಕ್ಕೆ ಬೋಲ್ಟು ಹಾಕಿ ಜೋಡಿಸಿದ್ದರೆ ಅದನ್ನು ದನ ಕಟ್ಟಲು ಇಟ್ಟುಕೊಳ್ಳಬಹುದು, ದಿಮ್ಮಿಗೆ ಅಲ್ಲ.

ಹೊರಡುವ ಮುನ್ನ ದಾರಿಯನ್ನು ಒಮ್ಮೆ ನಡೆದು ನೋಡಬೇಕು. ಕೊರಡುಗಳನ್ನು ನೆಲಮಟ್ಟಕ್ಕೆ ಕತ್ತರಿಸಬೇಕು. ತರಗೆಲೆ ಮುಚ್ಚಿದ ತೊಟ್ಟಿಲು ಗುಂಡಿಗಳಿಗೆ ಗೂಟ ನೆಟ್ಟು ಗುರುತು ಮಾಡಬೇಕು. ಮಳೆ ಬಿದ್ದ ನೆಲದಲ್ಲಿ ಈ ಕೆಲಸಕ್ಕೆ ಕೈ ಹಾಕುವುದಕ್ಕಿಂತ ದಿಮ್ಮಿ ಅಲ್ಲೇ ಬಿದ್ದಿರುವುದು ಮೇಲು. ಕೆಳಗಿನ ಗೇರಿನಲ್ಲಿ, ಸರಪಳಿ ನಿಧಾನವಾಗಿ ಬಿಗಿಯಾಗುವಂತೆ ಹೊರಡಬೇಕು. ಕ್ಲಚ್ಚನ್ನು ಥಟ್ಟನೆ ಬಿಡಬಾರದು. ದಿಮ್ಮಿ ಸಿಕ್ಕಿಕೊಂಡರೆ ಎಂಜಿನ್ ನಿಲ್ಲಿಸಿ, ಸರಪಳಿ ಬಿಚ್ಚಿ, ಮೇಲು ಮಗ್ಗುಲಲ್ಲಿ ನಿಂತು ಹಾರೆಯಿಂದ ದಿಮ್ಮಿ ಹೊರಳಿಸಬೇಕು. ಹಿಂದಿನ ಚಕ್ರ ಗುಂಡಿಗೆ ಇಳಿದಿದ್ದರೆ ಮುಂದಕ್ಕೆ ನುಗ್ಗಿಸದೆ, ದಿಮ್ಮಿ ಬಿಚ್ಚಿದ ಮೇಲೆ ಹಿಂದಕ್ಕೆ ತೆಗೆಯಬೇಕು.

ಇಳಿಜಾರಿಗೆ ಅಡ್ಡಲಾಗಿ ಎಳೆಯಬಾರದು. ದಿಮ್ಮಿ ಕೆಳಕ್ಕೆ ಉರುಳಿದರೆ ಅಗಲ ಕಡಿಮೆಯಿರುವ ಸಣ್ಣ ಟ್ರ್ಯಾಕ್ಟರನ್ನು ಮಗ್ಗುಲಿಗೆ ಕೆಡವುತ್ತದೆ. ನೇರ ಇಳಿಯುವಾಗಲೂ ಸರಪಳಿ ಎಳೆಯುತ್ತದೆಯೇ ಹೊರತು ತಡೆಯುವುದಿಲ್ಲ. ಬ್ರೇಕು ಹಾಕಿದೊಡನೆ ದಿಮ್ಮಿ ಹಿಂದಿನಿಂದ ಬಂದು ಗುದ್ದಬಹುದು. ಕಡಿದಾದ ಇಳಿಜಾರಿನ ದಿಮ್ಮಿಯನ್ನು, ಖರ್ಚಾದರೂ ಸರಿ, ವಿಂಚಿನಿಂದ ತರಿಸುವುದೇ ಲೇಸು.

ಚಾಲಕನ ಹಿಂದಿನ ಉಕ್ಕಿನ ರಕ್ಷಣಾ ಕಮಾನು ಕೊಂಬೆಗೆ ತಾಗುತ್ತದೆಂದು ಕೆಲವರು ಅದನ್ನು ಬಿಚ್ಚಿಡುತ್ತಾರೆ, ಇಲ್ಲವೆ ಮಡಚಿಡುತ್ತಾರೆ. ಟ್ರ್ಯಾಕ್ಟರು ಮಗುಚಿದಾಗ ಚಾಲಕನಿಗೆ ಜಾಗ ಉಳಿಸುವುದು ಅದೊಂದೇ. ಕೊಂಬೆಯನ್ನು ಸವರಬೇಕು, ಕಮಾನನ್ನಲ್ಲ. ಕಮಾನು ಎತ್ತಿ ನಿಲ್ಲಿಸಿದ್ದರೆ ಆಸನದ ಬೆಲ್ಟು ಕಟ್ಟಿಕೊಳ್ಳಲೇಬೇಕು. ಕಮಾನಿಲ್ಲದ ಟ್ರ್ಯಾಕ್ಟರಿನಲ್ಲಿ ಬೆಲ್ಟು ಕಟ್ಟಬಾರದು, ಅಂಥ ಟ್ರ್ಯಾಕ್ಟರನ್ನು ದಿಮ್ಮಿಗೆ ಹೂಡಲೂ ಬಾರದು.

ಸಹಾಯಕ್ಕೆ ಬಂದ ಆಳು ಚಾಲಕನಿಗೆ ಕಾಣುವಂತೆ, ದಿಮ್ಮಿಯ ಮೇಲು ಮಗ್ಗುಲಲ್ಲಿ, ಸರಪಳಿಯ ಉದ್ದಕ್ಕಿಂತ ಒಂದೂವರೆ ಪಟ್ಟಾದರೂ ದೂರ ನಿಂತು ಕೈಸನ್ನೆ ಮಾಡಬೇಕು. ದಿಮ್ಮಿಗೂ ಟ್ರ್ಯಾಕ್ಟರಿಗೂ ನಡುವೆ ಕೊಕ್ಕೆ ಹಾಕಲು ಬಗ್ಗುವ ಮೊದಲು ಗೇರು ತೆಗೆದಿದೆಯೇ, ಕೈಬ್ರೇಕು ಬಿಗಿದಿದೆಯೇ, ಎಂಜಿನ್ ನಿಂತಿದೆಯೇ ಎಂದು ಅವನೇ ಕೂಗಿ ಕೇಳಲಿ. ಚಾಲಕ ಕೆಳಗಿಳಿದು ನಿಂತ ಮೇಲೆ ಅವನು ಬಗ್ಗಲಿ.