ಮುಂಜಾನೆ ರೊಟ್ಟಿ ಬಡಿಯದ ಮನೆ

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ 'ನನ್ನ ಉದ್ಯೋಗ, ನನ್ನ ಬದುಕು' ಎಂಬ ವಿಷಯದ ಮೇಲೆ ಆಡಿದ ಮಾತುಗಳ ಬರಹ ರೂಪ)



ಈ ವಿಷಯದ ಮೇಲೆ ಮಾತಾಡಬೇಕು ಅಂತ ಕಾರ್ಯದರ್ಶಿಯವರು ಫೋನ್ ಮಾಡಿದಾಗ ನಾನು ಮೊದಲು ಕೇಳಿದ್ದು "ನನ್ನನ್ನ್ಯಾಕೆ?" ಅಂತ. ಇಂಥ ಸಭೆಗಳಲ್ಲಿ ಸಾಮಾನ್ಯವಾಗಿ ದೊಡ್ಡ ಹುದ್ದೆಗೆ ಏರಿದವರು, ಸ್ವಂತ ಉದ್ಯಮ ಕಟ್ಟಿದವರು ಮಾತಾಡುತ್ತಾರೆ. ನಾನು ಎರಡೂ ಅಲ್ಲ. ನಾಲ್ಕು ವರ್ಷ ಮನಸ್ಸಿಲ್ಲದ ಕೆಲಸ ಮಾಡಿ, ಬಿಡಲೂ ಆಗದೆ ಒದ್ದಾಡಿ, ಕೊನೆಗೆ ಕಡಿಮೆ ಸಂಬಳದ ಕೆಲಸಕ್ಕೆ ಹೋದವಳು. "ಅದನ್ನೇ ಹೇಳಿ, ನಮ್ಮಲ್ಲಿ ಅರ್ಧ ಜನರ ಕಥೆ ಅದೇ" ಅಂದರು. ಹಾಗಾಗಿ ಬಂದಿದ್ದೇನೆ.

ನಾನು ಬೀದರ್ ಜಿಲ್ಲೆಯವಳು, ಭಾಲ್ಕಿ ಕಡೆ. ನಮ್ಮ ಕಡೆಯವರಿಗೆ ಹೈದರಾಬಾದ್ ಎಂದೂ ಪರಊರು ಅನ್ನಿಸಿಲ್ಲ. 1956ರ ನವೆಂಬರ್ 1ರವರೆಗೆ ಬೀದರ್, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದವಲ್ಲ. ನಮ್ಮ ಅಜ್ಜನಿಗೆ ಕೋರ್ಟು ಅಂದರೂ ಇದೇ ಊರು, ದವಾಖಾನೆ ಅಂದರೂ ಇದೇ ಊರು. ಇವತ್ತಿಗೂ ಬೀದರಿನಿಂದ ಇಲ್ಲಿಗೆ ಸುಮಾರು 150 ಕಿಲೋಮೀಟರ್, ಬೆಂಗಳೂರಿಗೆ ಸುಮಾರು 700. ಮದುವೆಯಾಗಿ ಮಲಕ್‌ಪೇಟೆಗೆ ಬಂದಾಗ ಅವ್ವ ಅಷ್ಟೇನೂ ಅಳಲಿಲ್ಲ, "ಮುಂಜಾನೆ ಬಸ್ಸು ಹತ್ತಿದ್ರ ಮಧ್ಯಾಹ್ನಕ್ಕ ಬರ್ತೀನಿ" ಅಂದಳು.

2018ರ ಆಗಸ್ಟ್‌ನಲ್ಲಿ ಮಾಧಾಪುರದ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿದೆ. ಅಮೆರಿಕದ ಆಸ್ಪತ್ರೆಗಳ ಬಿಲ್ಲು ಅಲ್ಲಿನ ವಿಮಾ ಕಂಪನಿಗಳಿಂದ ಪಾವತಿಯಾಗದೆ ಉಳಿದಿದ್ದರೆ, ಫೋನ್ ಮಾಡಿ ಯಾಕೆ ಉಳಿದಿದೆ ಅಂತ ಕೇಳುವ ಕೆಲಸ. ಎಆರ್ ಕಾಲರ್ ಅನ್ನುತ್ತಾರೆ. ಈ ಸಭೆಯಲ್ಲೂ ಒಬ್ಬಿಬ್ಬರ ಮಕ್ಕಳು ಆ ಕೆಲಸದಲ್ಲಿದ್ದಾರೆ, ಅವರಿಗೆ ಗೊತ್ತಿರುತ್ತದೆ. ಒಂದು ರಾತ್ರಿಗೆ 45 ಖಾತೆ ಮುಗಿಸಬೇಕು. ಒಂದೊಂದು ಕರೆಗೆ ಅರ್ಧ ಗಂಟೆ ಸಂಗೀತ ಕೇಳುತ್ತಾ ಕಾಯಬೇಕು. ಕಾದ ಮೇಲೆ ಅವರು ಒಂದು ಸಂಕೇತ ಹೇಳುತ್ತಾರೆ. ಸಿಓ 16 ಅಂದರೆ ಮಾಹಿತಿ ಸಾಲದು, ಸಿಓ 29 ಅಂದರೆ ಗಡುವು ಮುಗಿದ ಮೇಲೆ ಬಂದಿದೆ. ಅದನ್ನು ಬರೆದುಕೊಂಡು ಮುಂದಿನ ಕರೆ. ಬಿಡುವು 15 ನಿಮಿಷ ದಾಟಿದರೆ ಪರದೆಯ ಮೇಲೆ ನನ್ನ ಹೆಸರು ಕೆಂಪಾಗುತ್ತಿತ್ತು. ಅದೂ ನನ್ನ ಹೆಸರಲ್ಲ, ಅಲ್ಲಿಯವರ ನಾಲಿಗೆಗೆ ಸುಲಭವಾಗಲಿ ಅಂತ ಇಟ್ಟ ಇನ್ನೊಂದು ಹೆಸರು.

ಅಮೆರಿಕದ ಪೂರ್ವ ಭಾಗದಲ್ಲಿ ಬೆಳಿಗ್ಗೆ 9 ಗಂಟೆಯಾದಾಗ ಇಲ್ಲಿ ಸಂಜೆ 6:30. ಅವರು ನವೆಂಬರ್‌ನಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸಿದರೆ ಇಲ್ಲಿ ಸಂಜೆ 7:30. ಮಾರ್ಚ್‌ನಲ್ಲಿ ಮತ್ತೆ ಮೊದಲಿನಂತೆ. ಮಲಕ್‌ಪೇಟೆಯ ನಮ್ಮ ಮನೆಯ ಊಟ, ನಿದ್ದೆ, ಮಗಳ ಹೋಂವರ್ಕ್ ಎಲ್ಲವೂ ವರ್ಷಕ್ಕೆ ಎರಡು ಸಲ ಅವರ ಗಡಿಯಾರದ ಮಾತು ಕೇಳಿ ಜರುಗುತ್ತಿದ್ದವು. ಬೆಳಗಿನ ಜಾವ ಕ್ಯಾಬ್‌ನಲ್ಲಿ ಮನೆ ಸೇರಿ ಮಲಗುವಷ್ಟರಲ್ಲಿ ಹಾಲಿನವನು ಬರುತ್ತಿದ್ದ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ಕಂಪ್ಯೂಟರ್ ಮನೆಗೆ ಬಂತು. ಪ್ರಯಾಣ ತಪ್ಪಿತು ಅಂತ ಖುಷಿಪಟ್ಟೆ. ಒಂದು ಸಂಜೆ ನಾನು ಮಲಗುವ ಕೋಣೆಯಲ್ಲಿ ಕರೆಯಲ್ಲಿದ್ದಾಗ ಅಡುಗೆಮನೆಯಲ್ಲಿ ಅತ್ತೆ ಜೋಳದ ರೊಟ್ಟಿ ಬಡಿಯುತ್ತಿದ್ದರು. ಆ ಸದ್ದು ರೆಕಾರ್ಡ್ ಆಗಿ, 'ಹಿನ್ನೆಲೆ ಗದ್ದಲ' ಅಂತ ನನ್ನ ಅಂಕ ಕಡಿದರು, ಆ ತಿಂಗಳ ಇನ್ಸೆಂಟಿವ್ ಹೋಯಿತು. ನಾನು ಅತ್ತೆಗೆ ಏನೂ ಹೇಳಲಿಲ್ಲ. ಫೋನಿನಲ್ಲಿ ಗೆಳತಿಗೆ ಹೇಳಿದ್ದನ್ನು ಅವರು ಕೇಳಿಸಿಕೊಂಡಿದ್ದರು. ಮರುದಿನದಿಂದ ಸಂಜೆ ರೊಟ್ಟಿ ಬಡಿಯುವುದು ನಿಂತಿತು. ಮುಂಜಾನೆ ನಾನು ಮಲಗಿರುತ್ತೇನೆ ಅಂತ ಮುಂಜಾನೆಯೂ ನಿಂತಿತು. ರಸ್ತೆಯ ಬದಿಯಲ್ಲಿ ಸಂಜೆ ಜೊನ್ನ ರೊಟ್ಟೆ ಮಾರುತ್ತಾರಲ್ಲ, ಅವು ನಮ್ಮ ಮನೆಗೆ ಬರತೊಡಗಿದವು. ಅರವತ್ತು ವರ್ಷ ತಾನು ಬಡಿದ ರೊಟ್ಟಿಯನ್ನೇ ತಿಂದ ಹೆಂಗಸು, ಕೊಂಡ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಿದ್ದರು.

2022ರಲ್ಲಿ ಮತ್ತೆ ಆಫೀಸಿಗೆ ಕರೆದರು. ಅದೇ ಸಮಯಕ್ಕೆ ಮಗಳು ಶಾಲೆಯಲ್ಲಿ 'ನನ್ನ ಅಮ್ಮ' ಅಂತ ಪ್ರಬಂಧ ಬರೆದಳು. "ನಮ್ಮ ಅಮ್ಮ ನಮ್ಮ ಮನೆಯಲ್ಲೇ ಇದ್ದಾಳೆ, ಆದರೆ ಅಮೆರಿಕದ ಟೈಮಿನಲ್ಲಿ ಇದ್ದಾಳೆ" ಅಂತ ಅದರಲ್ಲಿತ್ತು. ಟೀಚರ್ ಮೆಚ್ಚಿ ನಕ್ಷತ್ರ ಹಾಕಿದ್ದರು. ನಮ್ಮ ಮನೆಯವರು ಓದಿ ನಕ್ಕರು. ನನಗೆ ನಗು ಬರಲಿಲ್ಲ.

ಹಾಗಾದರೆ ಯಾಕೆ ಬಿಡಲಿಲ್ಲ? ನಮ್ಮ ಮನೆಯವರು ಖಾಸಗಿ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಲಾಕ್‌ಡೌನ್‌ನಲ್ಲಿ ಅವರ ಸಂಬಳ ಅರ್ಧವಾಗಿತ್ತು, ನನ್ನದೇ ಮನೆ ನಡೆಸಿತ್ತು. ಹಾಗಾಗಿ ಆ ಕೆಲಸವನ್ನು ಬೈಯುವುದಕ್ಕೂ ನಾಚಿಕೆ. ಆದರೂ ಬೈಯುತ್ತಿದ್ದೆ. ಊಟಕ್ಕೆ ಕೂತರೆ ಮ್ಯಾನೇಜರ್ ಕಥೆ, ಭಾನುವಾರ ಕೂಡ ಟಾರ್ಗೆಟ್ ಕಥೆ. ಒಂದು ದಿನ ಅತ್ತೆ ಅಂದರು, "ಯವ್ವಾ, ನೀ ಮನಿಗೆ ಬಂದಿ ಖರೆ, ನಿನ್ನ ಜೊತಿ ಆಫೀಸು ಯಾಕ ಕರ್ಕೊಂಡು ಬಂದಿ?" ಸಂಘದ ಸಭೆಗಳಿಗೂ ಬರುವುದನ್ನು ಬಿಟ್ಟಿದ್ದೆ. ಯಾರಾದರೂ ಕೆಲಸ ಹೇಗಿದೆ ಅಂತ ಕೇಳುತ್ತಾರಲ್ಲ ಅನ್ನುವ ಭಯ.

2022ರ ಜೂನ್‌ನಲ್ಲಿ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಒಂದು ಕಾರ್ಯಕ್ರಮ. ಮಗಳ ನೃತ್ಯ ಇತ್ತು ಅಂತ ಹೋಗಲೇಬೇಕಾಯಿತು. ಪಕ್ಕದಲ್ಲಿ ರಾಯಚೂರಿನ ಒಬ್ಬ ಅಕ್ಕ ಕೂತಿದ್ದರು. ಬ್ಯಾಂಕಿನಿಂದ ನಿವೃತ್ತರು. ಹೆಸರು ಹೇಳಬೇಡ ಅಂದಿದ್ದಾರೆ, ಇಲ್ಲೇ ಇದ್ದಾರೆ.

"ನೌಕರಿ ಹ್ಯಾಂಗ ನಡದದ ತಂಗಿ?" ಅಂದರು.

"ಇನ್ನ ಹದಿನಾಕು ತಿಂಗಳು ಅಕ್ಕಾ. ಐದು ವರ್ಷ ಆದ್ರ ಗ್ರಾಚ್ಯುಟಿ ಬರ್ತದ್ರಿ. ಆಮ್ಯಾಲ ಬಿಡ್ತೀನಿ."

"ಎಷ್ಟ್ ಬರ್ತದ?"

ನನಗೆ ಗೊತ್ತಿರಲಿಲ್ಲ. ಹೌದು, ಯಾವ ಹಣಕ್ಕಾಗಿ ಕಾಯುತ್ತಿದ್ದೆನೋ ಅದೆಷ್ಟು ಅಂತಲೇ ಲೆಕ್ಕ ಹಾಕಿರಲಿಲ್ಲ. ಅಕ್ಕ ಪರ್ಸಿನಿಂದ ಪೆನ್ನು ತೆಗೆದು ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಬರೆದರು. ಆಗಿದ್ದ 1972ರ ಗ್ರಾಚ್ಯುಟಿ ಕಾಯ್ದೆಯ ಲೆಕ್ಕ ಸರಳವಾಗಿತ್ತು. ಕೊನೆಯ ಮೂಲ ವೇತನವನ್ನು, ತುಟ್ಟಿಭತ್ಯೆ ಇದ್ದರೆ ಅದನ್ನೂ ಸೇರಿಸಿ, 15ರಿಂದ ಗುಣಿಸಿ, 26ರಿಂದ ಭಾಗಿಸಿ, ಎಷ್ಟು ವರ್ಷವೋ ಅಷ್ಟರಿಂದ ಗುಣಿಸಬೇಕಿತ್ತು. ನನ್ನ ಮೂಲ ವೇತನ 18,000. ಐದು ವರ್ಷಕ್ಕೆ ಸುಮಾರು 52 ಸಾವಿರ. ಅದನ್ನು ಉಳಿದ 14 ತಿಂಗಳಿಗೆ ಹಂಚಿದರು. ತಿಂಗಳಿಗೆ 3,700.

"ಇಷ್ಟಕ್ಕ ನಿದ್ದಿ ಮಾರ್ಲಿಕತ್ತೀ ಏನವಾ?" ಅಂದರು. ಅಷ್ಟೊತ್ತಿಗೆ ಮಗಳ ನೃತ್ಯ ಶುರುವಾಯಿತು.

52 ಸಾವಿರ ಸಣ್ಣ ಹಣ ಅಂತ ನಾನು ಹೇಳುತ್ತಿಲ್ಲ. ನಮ್ಮಂಥ ಮನೆಗೆ ಅದು ದೊಡ್ಡದೇ. ಆದರೆ ನಾನು ಅದನ್ನು ಲೆಕ್ಕವಾಗಿ ಇಟ್ಟುಕೊಂಡಿರಲಿಲ್ಲ, ನೆಪವಾಗಿ ಇಟ್ಟುಕೊಂಡಿದ್ದೆ. ಐದು ವರ್ಷವಾದ ಮೇಲೆ ದೀಪಾವಳಿ ಬೋನಸ್, ಅದಾದ ಮೇಲೆ ಮಾರ್ಚ್‌ನ ಇನ್‌ಕ್ರಿಮೆಂಟು ಅಂತ ಇನ್ನೊಂದು ನೆಪ ಹುಟ್ಟುತ್ತಿತ್ತು. ಬೇರೆ ಕೆಲಸ ಹುಡುಕಲು ನನಗೆ ಹೆದರಿಕೆಯಿತ್ತು. ಫೋನ್ ಹಿಡಿದು ಕಾಯುವುದು ಬಿಟ್ಟು ನನಗೇನು ಬರುತ್ತದೆ ಅನ್ನುವ ಹೆದರಿಕೆ.

ಹುಡುಕಲು ಶುರುಮಾಡಿದೆ. ಎದ್ದು ಊಟ ಮಾಡಿದ ಮೇಲೆ, ಮಗಳು ಶಾಲೆಯಿಂದ ಬರುವ ಮೊದಲು, ದಿನಕ್ಕೆ ಅರ್ಧ ಗಂಟೆ. ನೌಕ್ರಿಯಲ್ಲಿ ಹೆಸರು ಹಾಕಿದರೆ ಕರೆಗಳು ಬೆಳಿಗ್ಗೆ 11ಕ್ಕೆ ಬರುತ್ತಿದ್ದವು, ಅದು ನನ್ನ ನಡುರಾತ್ರಿ. ನಿದ್ದೆಗಣ್ಣಲ್ಲಿ ಏನು ಹೇಳಿದೆನೋ. ಸಂಜೆ ವಾಪಸ್ ಮಾಡಿದರೆ ಅವರ ಆಫೀಸು ಮುಚ್ಚಿರುತ್ತಿತ್ತು. ಅಮೀರ್‌ಪೇಟೆಯ ಒಂದು ಕನ್ಸಲ್ಟೆನ್ಸಿಯವರು ಹಗಲು ಪಾಳಿಯ ಕೆಲಸ ಗ್ಯಾರಂಟಿ ಅಂತ 3,500 ರೂಪಾಯಿ ಕಟ್ಟಿಸಿಕೊಂಡರು. ಹದಿನೈದು ದಿನ ಬಿಟ್ಟು ಹೋದರೆ ಬಾಗಿಲಿಗೆ ಬೀಗ. ಕೆಲಸ ಕೊಡುವವರು ಸಂಬಳ ಕೊಡಬೇಕೇ ಹೊರತು ನಮ್ಮಿಂದ ಹಣ ಕೇಳಬಾರದು. ಇಷ್ಟು ಸಣ್ಣ ಮಾತು ತಿಳಿಯಲು ನನಗೆ 3,500 ಬೇಕಾಯಿತು.

ಮೊದಲ ಎರಡು ಸಂದರ್ಶನಗಳನ್ನು ನಾನೇ ಕೆಡಿಸಿಕೊಂಡೆ. "ಈಗಿನ ಕೆಲಸ ಯಾಕೆ ಬಿಡುತ್ತೀರಿ?" ಅಂತ ಕೇಳಿದ್ದೇ ತಡ, ನಾಲ್ಕು ವರ್ಷದ ಸಿಟ್ಟು ಹೊರಗೆ ಬಂತು. ಎದುರಿಗಿದ್ದ ಹುಡುಗಿ ಪಾಪ, ಬರೆಯುವುದನ್ನು ನಿಲ್ಲಿಸಿ ನೀರು ಕೊಟ್ಟಳು. ಮೂರನೆಯವರು ಒಪ್ಪಿದರು, ಆದರೆ 15 ದಿನದಲ್ಲಿ ಬನ್ನಿ ಅಂದರು. ನನ್ನ ನೋಟಿಸ್ ಅವಧಿ 60 ದಿನ. ಅದೂ ತಪ್ಪಿತು.

ಸೆಪ್ಟೆಂಬರ್‌ನಲ್ಲಿ ಅದೇ ಅಕ್ಕ ಫೋನ್ ಮಾಡಿದರು. ರಾಯಚೂರಿನ ಅವರ ಸಂಬಂಧಿಕರೊಬ್ಬರು ಇಲ್ಲಿನ ಆಸ್ಪತ್ರೆಯೊಂದರಲ್ಲಿದ್ದಾರೆ, ವಿಮೆಯವರು ಏನೋ ಕಾಗದ ಕೇಳಿದ್ದಾರೆ, ಯಾರಿಗೂ ಅರ್ಥವಾಗುತ್ತಿಲ್ಲ, ಬಂದು ನೋಡುತ್ತೀಯಾ ಅಂತ. ಹೋದೆ. ಕಾಗದ ನೋಡಿದ ತಕ್ಷಣ ಗೊತ್ತಾಯಿತು. ಕಾಯಿಲೆ ಮೊದಲು ಯಾವಾಗ ಗೊತ್ತಾಯಿತು ಅನ್ನುವುದಕ್ಕೆ ಮೊದಲ ವೈದ್ಯರ ಚೀಟಿ ಕೇಳಿದ್ದರು. ನನ್ನ ಭಾಷೆಯಲ್ಲಿ ಹೇಳುವುದಾದರೆ ಸಿಓ 16. ಆ ಮನೆಯವರು ಮುಂಜಾನೆಯಿಂದ ಬೆಂಚಿನ ಮೇಲೆ ಕೂತಿದ್ದರು, ಆ ಚೀಟಿ ಅವರ ಚೀಲದಲ್ಲೇ ಇತ್ತು! ವಿಮಾ ಕೌಂಟರಿನ ಹುಡುಗನಿಗೆ ಕನ್ನಡ ಬಾರದು, ಇವರಿಗೆ ತೆಲುಗು ಬಾರದು. ಹತ್ತು ನಿಮಿಷದ ಕೆಲಸ. ಆ ಹುಡುಗ ನನ್ನನ್ನು ನೋಡಿ "ಮೇಡಂ, ನೀವು ಯಾವ ಆಸ್ಪತ್ರೆಯವರು?" ಅಂದ. ಬೀದರ್, ಕಲಬುರಗಿ, ರಾಯಚೂರಿನಿಂದ ದಿನಾ ರೋಗಿಗಳು ಬರುತ್ತಾರೆ, ನಮಗೆ ಇಂಥವರೇ ಬೇಕಾಗಿದ್ದಾರೆ ಅಂತಲೂ ಹೇಳಿದ. ಮರುದಿನ ಅರ್ಜಿ ಕೊಟ್ಟೆ. ಮೂರು ವಾರದ ನಂತರ ಕರೆದರು. ಈ ಸಲ ಯಾಕೆ ಬಿಡುತ್ತೀರಿ ಅಂತ ಕೇಳಿದಾಗ ಒಂದೇ ವಾಕ್ಯ ಹೇಳಿದೆ: "ನಾಲ್ಕು ವರ್ಷ ತಿರಸ್ಕಾರವಾದ ಕ್ಲೇಮುಗಳನ್ನೇ ಓದಿದ್ದೇನೆ, ಇನ್ನು ತಿರಸ್ಕಾರವಾಗದ ಹಾಗೆ ಕಳಿಸುವ ಕೆಲಸ ಮಾಡಬೇಕು."

ಸಂಬಳ 38,000ದಿಂದ 32,000ಕ್ಕೆ ಇಳಿಯುತ್ತಿತ್ತು. ನೋಟಿಸ್ ಮುಗಿಸಿ ಹೊರಗೆ ಬರುವಾಗ ಗ್ರಾಚ್ಯುಟಿಗೆ ಎಂಟೇ ತಿಂಗಳು ಬಾಕಿ. ಎಂಟು ತಿಂಗಳು ತಡೆಯಬಹುದಿತ್ತಲ್ಲ ಅಂತ ಆ ರಾತ್ರಿ ಮತ್ತೆ ನಿದ್ದೆ ಬರಲಿಲ್ಲ. ನಾಲ್ಕೂ ಜನ ಕೂತು ಲೆಕ್ಕ ಹಾಕಿದೆವು. ಸಂಜೆ ನಾನೇ ಮನೆಯಲ್ಲಿದ್ದರೆ ಮಗಳ ಟ್ಯೂಷನ್ 2,000 ಬೇಡ. ಕೊಂಡ ರೊಟ್ಟಿ, ಹೊರಗಿನ ಊಟ, ನನ್ನ ಹೊಟ್ಟೆಯುರಿಯ ಔಷಧಿ ಸೇರಿ 1,500. ಉಳಿದ 2,500 ಹೊಂದಲಿಲ್ಲ. ನಿಜ ಹೇಳಬೇಕೆಂದರೆ ಎರಡು ವರ್ಷ ಹೊಂದಲೇ ಇಲ್ಲ. ಹಳೇ ಫ್ರಿಜ್ ಇನ್ನೂ ಗುರ್ ಅನ್ನುತ್ತಾ ಇದೆ.

ಹೊಸ ಕೆಲಸ ಸ್ವರ್ಗವೇನಲ್ಲ. ಜನ ಕೂಗಾಡುತ್ತಾರೆ, ತಿಂಗಳಿಗೆ ಎರಡು ಭಾನುವಾರ ಹೋಗಬೇಕು. ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2024ರಲ್ಲಿ ನಿಯಮ ತಂದಿದೆ: ನಗದುರಹಿತ ಚಿಕಿತ್ಸೆಯ ಕೋರಿಕೆಗೆ ವಿಮಾ ಕಂಪನಿ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು, ಬಿಡುಗಡೆಯ ದಿನ ಅಂತಿಮ ಒಪ್ಪಿಗೆ ಮೂರು ಗಂಟೆಯೊಳಗೆ ಬರಬೇಕು. ಆ ಗಂಟೆಗಳನ್ನು ಎಣಿಸುತ್ತಾ ಜನ ನನ್ನ ಮುಂದೆಯೇ ನಿಂತಿರುತ್ತಾರೆ. ಆದರೆ ಈಗ ಕಾಯುವವರ ಮುಖ ನನಗೆ ಕಾಣುತ್ತದೆ. ಅವರು ನನ್ನನ್ನು ನನ್ನ ಹೆಸರಿನಿಂದಲೇ ಕರೆಯುತ್ತಾರೆ. ಮುಂಜಾನೆ ಆರೂವರೆಗೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದಾಗುತ್ತದೆ, ಅಲಾರಂ ಇಡುವುದಿಲ್ಲ.

ಮುಗಿಸುವ ಮೊದಲು, ಇಂಥ ಸ್ಥಿತಿಯಲ್ಲಿ ಇರುವವರಿಗೆ ಒಂದಿಷ್ಟು ಉಪಯೋಗದ ಮಾತು. ಆವೇಶದಲ್ಲಿ ರಾಜೀನಾಮೆ ಕೊಡಬೇಡಿ, ನಾನು ಇನ್ನೊಂದು ಕೆಲಸ ಕೈಗೆ ಬಂದ ಮೇಲೇ ಕೊಟ್ಟೆ. ನಿಮ್ಮ ನೋಟಿಸ್ ಅವಧಿ ಎಷ್ಟು ಅಂತ ನೇಮಕ ಪತ್ರ ತೆಗೆದು ಇವತ್ತೇ ಓದಿ. ಬಿಡುವಾಗ ಪಿಎಫ್ ಹಣ ತೆಗೆಯಬೇಡಿ, ಅದೇ ಯುಎಎನ್‌ನಲ್ಲಿ ಹೊಸ ಕಡೆಗೆ ವರ್ಗಾಯಿಸಿ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ವರ್ಗಾಯಿಸಿದರೆ ಹಳೆಯ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ರಿಲೀವಿಂಗ್ ಪತ್ರ, ಕೊನೆಯ ಮೂರು ತಿಂಗಳ ಸಂಬಳದ ಚೀಟಿ ಮರೆಯದೆ ತೆಗೆದುಕೊಳ್ಳಿ. ಯಾವುದಕ್ಕಾಗಿ ಕಾಯುತ್ತಿದ್ದೀರೋ ಅದರ ಮೊತ್ತವನ್ನು ಒಂದು ಕಾಗದದ ಮೇಲೆ ಬರೆಯಿರಿ. ಬರೆದ ಮೇಲೆ ಕಾಯಬೇಕು ಅನ್ನಿಸಿದರೆ ಕಾಯಿರಿ, ಅದರಲ್ಲಿ ತಪ್ಪಿಲ್ಲ.

ಲೆಕ್ಕ ಹಾಕಲು ಬಾರದಿದ್ದರೆ, ಚಹಾ ಆದ ಮೇಲೆ ನಾನೂ ರಾಯಚೂರಿನ ಅಕ್ಕನೂ ಹಿಂದಿನ ಸಾಲಿನಲ್ಲಿ ಕೂತಿರುತ್ತೇವೆ. ಪೆನ್ನು ನಮ್ಮ ಹತ್ತಿರ ಇದೆ, ಸಂಬಳದ ಚೀಟಿ ಮಾತ್ರ ನೀವು ತನ್ನಿ.